‘ನಮ್ಮ ಮನೆ’ ಗುಂಪಿಗೆ ಬಂದ ಪತ್ತೇದಾರಿ ಕತೆ

ದೊಡ್ಡಪ್ಪ: ಬೆಳಿಗ್ಗೆ ನೀನು ಹಾಕಿದ ಕತೆ ಓದಿದೆ. ಕೊಳೆತ ಹೆಣದ ವರ್ಣನೆಯೇ ಮೂರು ಪುಟ! ಗುಂಪಿನಲ್ಲಿ ಮಕ್ಕಳಿದ್ದಾರೆ, ತೆಗೆದುಹಾಕು. ಸಾಲದ್ದಕ್ಕೆ, ಜುಲೈ ನಡುವೆ ಮಲ್ಪೆ ಬಂದರಿಗೆ ಟ್ರಾಲ್ ಬೋಟು ಮೀನು ತುಂಬಿಕೊಂಡು ಬರುತ್ತದಂತೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬರೆದವನು ದಕ್ಕೆಯಲ್ಲಿ ಒಮ್ಮೆಯಾದರೂ ನಿಂತಿದ್ದಾನೆಯೇ?

ಭಾವ: ನನಗೂ ಹಿಡಿಸಲಿಲ್ಲ. ಪತ್ತೇದಾರ ನಿವೃತ್ತ ಪೊಲೀಸ್, ಎಪ್ಪತ್ತನಾಲ್ಕರ ಮುದುಕ, ಮಂಡಿನೋವು, ಕೈಯಲ್ಲಿ ಅಧಿಕಾರವಿಲ್ಲ. ಠಾಣೆಯವರಿಂದ ಆಗದ್ದು ಅವನಿಂದ ಆಗುತ್ತದೆಯೇ?

ನಾನು: ದೊಡ್ಡಪ್ಪ, ಬೋಟಿನ ವಿಷಯ ನೀವು ಹೇಳಿದ್ದೇ ಸರಿ, ಅದು ತಪ್ಪು. ಆದರೆ ಭಾವ, ಅಧಿಕಾರ ಇಲ್ಲದಿರುವುದೇ ಈ ಕತೆಯ ಜೀವ. ನಿವೃತ್ತನಾದವನು ಮಹಜರು ಬರೆಯುವಂತಿಲ್ಲ, ಯಾರನ್ನೂ ಠಾಣೆಗೆ ಕರೆಸುವಂತಿಲ್ಲ. ಎದುರಿನವರು ಮನಸ್ಸು ಮಾಡಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಅಜ್ಜಿಯ ಮನೆಗೆ ಹೋಗುವುದನ್ನು ಇನ್ನೊಮ್ಮೆ ಓದಿ. ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಾನೆ, ಜಗಲಿಯಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಾನೆ. ಖಾಕಿ ಕಂಡು ಎರಡು ಸಲ ಬಾಗಿಲು ಹಾಕಿಕೊಂಡವಳು ಇವನಿಗೆ ಬೆಲ್ಲ, ನೀರು ತಂದಿಡುತ್ತಾಳೆ. ಕೆರೆಯ ಮಾತನ್ನು ಅವಳೇ ತೆಗೆಯುತ್ತಾಳೆ, ಅವನು ಕೇಳುವುದಿಲ್ಲ.

ಚಿಕ್ಕಮ್ಮ: ಹೆಣ ಸಮುದ್ರದಲ್ಲಿ ಸಿಕ್ಕರೂ ಮುಳುಗಿದ್ದು ಕೆರೆಯಲ್ಲಿ ಎಂಬ ಆ ಭಾಗ ಸರಿಯಾಗಿಯೇ ಇದೆ. ಉಸಿರಿರುವಾಗ ಮುಳುಗಿದವರ ರಕ್ತಕ್ಕೆ ನೀರಿನಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಸೇರಿ, ಮೂಳೆಯ ಮಜ್ಜೆಯವರೆಗೂ ಹೋಗಬಹುದು. ಸಮುದ್ರದಲ್ಲಿ ಸಿಕ್ಕಿದ ಹೆಣದ ಮಜ್ಜೆಯಲ್ಲಿ ಸಿಹಿನೀರಿನ ಪಾಚಿ ಕಂಡರೆ, ಮುಳುಗಿದ್ದು ಬೇರೆಡೆ ಎಂದು ಅನುಮಾನ ಪಡಲೇಬೇಕು.

ನಾನು: ಹೆಣದ ವರ್ಣನೆ ಬೇಕಾಗುವುದು ಅದಕ್ಕೇ, ದೊಡ್ಡಪ್ಪ. ಕುಡಿದು ಬಿದ್ದ ಎಂದು ಎರಡು ಸಾಲು ಬರೆದು ಠಾಣೆಯವರು ಯುಡಿಆರ್ (ಅಸಹಜ ಸಾವಿನ ವರದಿ) ಕಡತ ಮುಚ್ಚಿದರು. ಅಂಗೈಯ ಚರ್ಮ ಕೈಗವಸಿನಂತೆ ಸುಲಿದು ಬಂದದ್ದನ್ನು ಓದಿದ ಮೇಲೆ ಆ ಎರಡು ಸಾಲು ನನಗೆ ಸಹಿಸಲಾಗಲಿಲ್ಲ. ನಮ್ಮ ಅಜ್ಜನ ನೆನಪೂ ಬಂತು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ, ಬಂದವರ ಮುಖಕ್ಕಿಂತ ಮೊದಲು ಅವರು ಅಂಗಳದಲ್ಲಿ ಬಿಟ್ಟ ಚಪ್ಪಲಿ ನೋಡುತ್ತಿದ್ದರಲ್ಲ?

ಭಾವ: ಅಜ್ಜನನ್ನು ಎಳೆದು ತಂದರೆ ನಾನೇನು ಹೇಳಲಿ! ಆದರೂ ಕೊನೆಯಲ್ಲಿ ಅವನು ಓಡುವುದನ್ನು ಒಪ್ಪುವುದಿಲ್ಲ.

ನಾನು: ಅದನ್ನು ನಾನೂ ಒಪ್ಪುವುದಿಲ್ಲ. ಅಲ್ಲಿ ಬರೆದವರು ಮಂಡಿಯನ್ನು ಮರೆತಿದ್ದಾರೆ.

ದೊಡ್ಡಪ್ಪ: ಅಪ್ಪನ ಬಳಿಯೂ ಅಂಥದ್ದೊಂದು ಕಡತವಿತ್ತು. ಹೊಳೆಯಲ್ಲಿ ಸಿಕ್ಕಿದ ಹುಡುಗಿ. ಮೇಲಿನವರು ಮುಚ್ಚಿ ಎಂದರು, ಮುಚ್ಚಿದರು. ಹಾಸಿಗೆ ಹಿಡಿದ ಮೇಲೂ, ಅವಳ ಬಲಗಾಲಿನ ಗೆಜ್ಜೆ ಎಲ್ಲಿ ಹೋಯಿತು ಎಂದು ನನ್ನನ್ನು ಕೇಳುತ್ತಿದ್ದರು. ಕತೆಯನ್ನು ಗುಂಪಿನಿಂದ ತೆಗೆ. ಎರಡನೆಯ ಭಾಗ ಬಂದರೆ ನನ್ನ ನಂಬರಿಗೆ ಕಳುಹಿಸು.