ಯುದ್ಧ, ದೇಶದ ನೀತಿ ಬಗ್ಗೆ ಯುವಜನರಿಗೆ ಬೈಬಲ್ ಅಧ್ಯಯನ: ಎಲ್ಲಿಂದ ಶುರು ಮಾಡುವುದು?

ತುಂಗಾತೀರ, ಶಿವಮೊಗ್ಗ:

ನಮ್ಮ ಸಭೆಯ ಯುವಜನರಿಗೆ ನಾಲ್ಕು ಭಾನುವಾರ, ಆರಾಧನೆ ಮುಗಿದ ಮೇಲೆ ಒಂದೊಂದು ಗಂಟೆ, ಯುದ್ಧ ಮತ್ತು ವಿದೇಶಾಂಗ ನೀತಿಯನ್ನು ಕ್ರೈಸ್ತರು ಹೇಗೆ ನೋಡಬೇಕು ಅನ್ನುವ ಬಗ್ಗೆ ಅಧ್ಯಯನ ನಡೆಸಬೇಕಿದೆ. ಪಿಯುಸಿ ಮಕ್ಕಳಿಂದ ಹಿಡಿದು ಕೆಲಸಕ್ಕೆ ಹೋಗುವವರ ತನಕ ಬರುತ್ತಾರೆ. ಅವರಲ್ಲಿ ಇಬ್ಬರು ಸೇನಾ ಭರ್ತಿಗೆ ತಯಾರಿ ನಡೆಸಿದ್ದಾರೆ. ಗುಂಪು ಈಗಲೇ ಎರಡಾಗಿದೆ. "ಇನ್ನೊಂದು ಕೆನ್ನೆ ತೋರಿಸು ಅಂದ ಮೇಲೆ ಬಂದೂಕು ಹಿಡಿಯುವುದೇ ಪಾಪ" ಅನ್ನುವವರು ಒಂದು ಕಡೆ, "ರೋಮಾ 13ರಲ್ಲಿ ಇದೆಯಲ್ಲ, ಸರ್ಕಾರ ಮಾಡಿದ್ದೆಲ್ಲ ಸರಿ" ಅನ್ನುವವರು ಇನ್ನೊಂದು ಕಡೆ. ಯಾವ ಭಾಗದಿಂದ ಆರಂಭಿಸಬೇಕು, ಯಾವ ಮಾನದಂಡ ಕೊಡಬೇಕು? ಯುದ್ಧದ ಸಮಯದಲ್ಲಿ ಆರಾಧನೆಯ ಪ್ರಾರ್ಥನೆ ಹೇಗಿರಬೇಕು ಅನ್ನುವುದನ್ನೂ ತಿಳಿದವರು ಹೇಳಿ.

ಮಂಡಗದ್ದೆ:

ಇನ್ನೊಂದು ಕೆನ್ನೆಯ ಮಾತಿರುವ ಮತ್ತಾಯ 5ರಿಂದಲೂ ಬೇಡ, ರೋಮಾ 13ರಿಂದಲೂ ಬೇಡ. ಆ ಎರಡೂ ವಚನಗಳನ್ನು ನಿಮ್ಮವರು ಈಗಾಗಲೇ ಕೈಯಲ್ಲಿ ಹಿಡಿದು ನಿಂತಿದ್ದಾರೆ, ಮೊದಲ ದಿನವೇ ವಾದ ಶುರುವಾಗುತ್ತದೆ. ಪ್ರವಾದಿ ಆಮೋಸನ ಪುಸ್ತಕದ 1 ಮತ್ತು 2ನೇ ಅಧ್ಯಾಯಗಳಿಂದ ಶುರು ಮಾಡಿ.

ಬೋರ್ಡಿನ ಮೇಲೆ ಮೂರು ಕಾಲಂ ಎಳೆಯಿರಿ: ಯಾರು ಮಾಡಿದರು, ಯಾರಿಗೆ ಮಾಡಿದರು, ಏನು ಮಾಡಿದರು. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್, ಯೆಹೂದ, ಇಸ್ರಾಯೇಲ್ ಎಂದು ಎಂಟು ಚೀಟಿ ಮಾಡಿ ಹಂಚಿ, ಅವರೇ ಓದಿ ತುಂಬಲಿ. ದಮಸ್ಕದವರು ಇಸ್ರಾಯೇಲಿನ ಗಿಲ್ಯಾದ್ ಸೀಮೆಯನ್ನು ಕಬ್ಬಿಣದ ಹಲಗೆಗಳಿಂದ ತುಳಿಸಿದರು. ಗಾಜಾದವರು ಸೆರೆ ಹಿಡಿದವರನ್ನು ಎದೋಮಿಗೆ ಒಪ್ಪಿಸಿದರು. ತೂರಿನವರು ಸಹೋದರ ಒಡಂಬಡಿಕೆಯನ್ನು ಮರೆತರು. ಅಮ್ಮೋನಿಯರು ಗಡಿ ವಿಸ್ತರಿಸಲು ಗರ್ಭಿಣಿಯರ ಹೊಟ್ಟೆ ಸೀಳಿದರು. ಇಲ್ಲಿ ಒಂದು ನಿಮಿಷ ನಿಲ್ಲಿಸಿ. ಕ್ರಿಸ್ತಪೂರ್ವ ಎಂಟನೇ ಶತಮಾನದ ಪ್ರವಾದಿಯ ಬಾಯಲ್ಲಿ ನಾಗರಿಕರ ಮೇಲಿನ ಹಿಂಸೆ, ಸೆರೆಯಾಳುಗಳ ಮಾರಾಟ, ಒಪ್ಪಂದ ಮುರಿಯುವುದು, ನೆಲದಾಸೆ ಎಲ್ಲವೂ ಸಾಲಾಗಿ ಬಂದಿವೆ.

ಮೋವಾಬಿನ ಚೀಟಿ ಬಂದಾಗ ಎರಡನೇ ಕಾಲಂ ತೋರಿಸಿ. ಮೋವಾಬ್ಯರು ಸುಟ್ಟು ಸುಣ್ಣ ಮಾಡಿದ್ದು ಎದೋಮಿನ ಅರಸನ ಎಲುಬುಗಳನ್ನು. ಇಸ್ರಾಯೇಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ದೇವರು ಲೆಕ್ಕ ಕೇಳುತ್ತಾನೆ. ಇದು ಅರ್ಥವಾದರೆ "ಅದು ಅವರವರ ಜಗಳ, ನಮಗೇನು" ಅನ್ನುವ ಮಾತು ಅಲ್ಲಿಗೇ ನಿಲ್ಲುತ್ತದೆ.

ಎರಡು ಕಡೆ ಎಡವುವ ಅಪಾಯವಿದೆ. ಗಾಜಾ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಚರ್ಚೆ ಇವತ್ತಿನ ಸುದ್ದಿಗೆ ಹಾರುತ್ತದೆ. ಇಲ್ಲಿ ಹೇಳಿರುವುದು ಆ ಕಾಲದ ಫಿಲಿಷ್ಟಿಯರ ಪಟ್ಟಣ ಎಂದು ಓದುವ ಮೊದಲೇ ಸ್ಪಷ್ಟಪಡಿಸಿ. ಇನ್ನೊಂದು ದೊಡ್ಡದು: ಸಮಯ ಸಾಲದೆ ಮೊದಲ ಅಧ್ಯಾಯಕ್ಕೇ ನಿಲ್ಲಿಸಿಬಿಡುವುದು. ಹಾಗಾದರೆ ಗುಂಪು ನೆರೆಯವರ ಪಾಪದ ಪಟ್ಟಿ ಹಿಡಿದುಕೊಂಡು ಮನೆಗೆ ಹೋಗುತ್ತದೆ. ಆಮೋಸ ಕೇಳುವವರಿಂದ ತಲೆದೂಗಿಸಿಕೊಂಡು ಬಂದದ್ದೇ 2:6ಕ್ಕೆ ತಲುಪಲು. ಅಲ್ಲಿ ಇಸ್ರಾಯೇಲಿನ ಸರದಿ, ಅಪರಾಧ ಯುದ್ಧದ್ದೂ ಅಲ್ಲ: ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುವುದು, ಒತ್ತೆಯಿಟ್ಟ ಬಟ್ಟೆಯ ಮೇಲೆ ಯಜ್ಞವೇದಿಯ ಪಕ್ಕದಲ್ಲೇ ಮಲಗುವುದು. ಕೊನೆಯ ಇಪ್ಪತ್ತು ನಿಮಿಷ ಇದಕ್ಕೇ ಇಡಿ. ಬೇರೆ ದೇಶಕ್ಕೆ ಹಿಡಿಯುವ ಅಳತೆಗೋಲು ಸ್ವಂತ ದೇಶಕ್ಕೂ ಅದೇ. ಉಳಿದ ಮೂರು ವಾರಕ್ಕೂ ಇದೇ ತಳಹದಿ.

ಇಕ್ಕೇರಿ:

ಆಮೋಸನಿಂದ ಶುರು ಮಾಡುವುದು ಸರಿ. ಎರಡನೇ ವಾರ ಮಾನದಂಡ ಕೊಡಿ, ಇಲ್ಲದಿದ್ದರೆ ಅವರವರ ಭಾವನೆಯ ಮಟ್ಟದಲ್ಲೇ ಚರ್ಚೆ ಉಳಿಯುತ್ತದೆ.

ಸಂತ ಥಾಮಸ್ ಅಕ್ವಿನಾಸ್ ಅಗಸ್ಟೀನರನ್ನು ಆಧರಿಸಿ ಮೂರು ಷರತ್ತು ಹೇಳಿದರು: ಯುದ್ಧ ಸಾರುವವರಿಗೆ ನ್ಯಾಯಬದ್ಧ ಅಧಿಕಾರ ಇರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಕಥೋಲಿಕ ಧರ್ಮಸಭೆಯ ಕ್ಯಾಟಕಿಸಂ (ಅಧಿಕೃತ ಬೋಧನೆಯ ಗ್ರಂಥ) 2309ನೇ ಪರಿಚ್ಛೇದ ಇನ್ನೂ ಬಿಗಿ. ಆಕ್ರಮಣದಿಂದ ಆಗುವ ಹಾನಿ ಶಾಶ್ವತ, ಗಂಭೀರ, ಖಚಿತವಾಗಿರಬೇಕು. ಬೇರೆ ಎಲ್ಲ ದಾರಿಗಳೂ ಫಲ ಕೊಡುವುದಿಲ್ಲವೆಂದು ಕಂಡುಬಂದಿರಬೇಕು. ಗೆಲುವಿನ ಸಾಧ್ಯತೆ ನಿಜವಾಗಿ ಇರಬೇಕು. ತೊಲಗಿಸಬೇಕಾದ ಕೇಡಿಗಿಂತ ಯುದ್ಧವೇ ದೊಡ್ಡ ಕೇಡು ತರಬಾರದು. ನಾಲ್ಕೂ ಒಟ್ಟಿಗೆ ಪೂರೈಸಬೇಕು. ಮೂರು ಪಾಸಾಗಿ ಒಂದು ಫೇಲಾದರೂ ಇಡೀ ಯುದ್ಧ ಫೇಲು. ಇದನ್ನು ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ, ಏಕೆಂದರೆ ಬಹಳ ಜನ "ಕಾರಣ ನ್ಯಾಯವಾದದ್ದು" ಅನ್ನುವಲ್ಲಿಗೇ ವಿಚಾರ ಮುಗಿಸುತ್ತಾರೆ.

ಯುದ್ಧಕ್ಕೆ ಇಳಿಯಬಹುದೇ ಅನ್ನುವುದು ಒಂದು ಪ್ರಶ್ನೆ, ಇಳಿದ ಮೇಲೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಬೇಡಿ. ನ್ಯಾಯವಾದ ಯುದ್ಧವನ್ನೂ ಅನ್ಯಾಯವಾಗಿ ಹೋರಾಡಬಹುದು. 2313ನೇ ಪರಿಚ್ಛೇದ ನಾಗರಿಕರು, ಗಾಯಾಳುಗಳು, ಸೆರೆಯಾಳುಗಳ ಬಗ್ಗೆ. 2314 ಇಡೀ ನಗರಗಳನ್ನು ಬೇಕಾಬಿಟ್ಟಿ ನಾಶ ಮಾಡುವುದರ ಬಗ್ಗೆ.

ಅಭ್ಯಾಸಕ್ಕೆ 1971ರ ಭಾರತ–ಪಾಕಿಸ್ತಾನ ಯುದ್ಧವನ್ನು ತೆಗೆದುಕೊಳ್ಳಿ. ಈಗಿನ ಯುದ್ಧ ತೆಗೆದುಕೊಂಡರೆ ಪಕ್ಷ ರಾಜಕೀಯ ಒಳಗೆ ಬರುತ್ತದೆ. ಸುಮಾರು 1 ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಿದ್ದರು: ಹಾನಿ ಗಂಭೀರವೇ? ಅಕ್ಟೋಬರ್–ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಪಾಶ್ಚಾತ್ಯ ರಾಜಧಾನಿಗಳನ್ನು ಸುತ್ತಿದರು: ಬೇರೆ ದಾರಿಗಳು ಮುಗಿದಿದ್ದವೇ? ಡಿಸೆಂಬರ್ 3ರಂದು ಪಾಕಿಸ್ತಾನದ ವಾಯುದಾಳಿಯಾಯಿತು, ಆದರೆ ಅದಕ್ಕೂ ಮೊದಲೇ ಬಾಂಗ್ಲಾ ವಿಮೋಚನಾ ಹೋರಾಟಗಾರರ ಮುಕ್ತಿವಾಹಿನಿಗೆ ಭಾರತ ತರಬೇತಿ, ಶಸ್ತ್ರ ಕೊಡುತ್ತಿತ್ತು: ಇದನ್ನು ಹೇಗೆ ತೂಗುತ್ತೀರಿ? ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 104–11 ಮತಗಳಿಂದ ಕದನವಿರಾಮ ಕೇಳಿತು: ಜಗತ್ತಿನ ಬಹುಮತಕ್ಕೆ ನೈತಿಕ ತೂಕ ಎಷ್ಟು? 16ರಂದು ಢಾಕಾದಲ್ಲಿ ಶರಣಾಗತಿ. ಸುಮಾರು 93,000 ಜನ ಸೆರೆಯಾದರು, 1972ರ ಶಿಮ್ಲಾ ಒಪ್ಪಂದದ ನಂತರ ಹಂತಹಂತವಾಗಿ ಮನೆಗೆ ಹೋದರು. ಈ ಯುದ್ಧದ ಬಗ್ಗೆ ಹೆಮ್ಮೆ ಇರುವವರೂ ನಾಲ್ಕು ಷರತ್ತಿಗೆ ಪ್ರಾಮಾಣಿಕವಾಗಿ ಉತ್ತರ ಬರೆಯಬೇಕಾಗುತ್ತದೆ. ಬರೆದ ಮೇಲೆ ಹೆಮ್ಮೆಯ ಗುಣವೇ ಬದಲಾಗುತ್ತದೆ, ಅದು ಒಳ್ಳೆಯದು.

ಶರಾವತಿ ಕಣಿವೆ:

ಇಕ್ಕೇರಿಯವರ ಮಾನದಂಡ ಬೇಕು. ಆದರೆ ಶಾಂತಿವಾದಿಗಳ ಪಕ್ಷವನ್ನು ಭಾವುಕರೆಂದು ಬದಿಗೆ ಸರಿಸಬೇಡಿ. ಆದಿಸಭೆಯ ಬರಹಗಾರರಾದ ಒರಿಗೆನ್, ತೆರ್ತುಲ್ಲಿಯನ್ ಇಬ್ಬರೂ ಕ್ರೈಸ್ತರು ಕತ್ತಿ ಹಿಡಿಯುವುದನ್ನು ಒಪ್ಪಲಿಲ್ಲ. 295ರಲ್ಲಿ ಉತ್ತರ ಆಫ್ರಿಕದ ಮ್ಯಾಕ್ಸಿಮಿಲಿಯನ್ ಸೈನ್ಯ ಸೇರಲು ನಿರಾಕರಿಸಿ ತಲೆ ಕೊಟ್ಟ. 2020ರ ವಿಶ್ವಪತ್ರದಲ್ಲಿ (ಇಡೀ ಸಭೆಗೆ ಪೋಪ್ ಬರೆಯುವ ಪತ್ರ) ಪೋಪ್ ಫ್ರಾನ್ಸಿಸ್, ಇಂದಿನ ಶಸ್ತ್ರಗಳ ಕಾಲದಲ್ಲಿ ಹಳೆಯ ನ್ಯಾಯಯುದ್ಧದ ತರ್ಕವನ್ನು ಬಳಸುವುದೇ ಬಹಳ ಕಷ್ಟ ಎಂದರು. ಆ ನಾಲ್ಕನೇ ಷರತ್ತು ಅಣ್ವಸ್ತ್ರದ ಮುಂದೆ ನಿಲ್ಲುವುದು ಹೇಗೆ ಎಂದು ಗುಂಪನ್ನು ಕೇಳಿ. 1945ರ ಆಗಸ್ಟ್ 9ರಂದು ನಾಗಸಾಕಿಯಲ್ಲಿ ಉರಕಾಮಿಯ ಕಥೀಡ್ರಲ್ ಕೂಡ ಪುಡಿಯಾಯಿತು.

ರೋಮಾ 13ನ್ನು 12:17ರಿಂದ ಓದಿಸಿ. ಅಧ್ಯಾಯ ವಿಂಗಡಣೆ ನಂತರ ಬಂದದ್ದು. ಕೇಡಿಗೆ ಕೇಡು ಮಾಡಬೇಡ, ವೈರಿ ಹಸಿದಿದ್ದರೆ ಉಣಿಸು ಎಂದು ಹೇಳಿದ ಕೈಯೇ ಅಧಿಕಾರಿಯ ಕತ್ತಿಯ ಬಗ್ಗೆಯೂ ಬರೆಯಿತು. ಅಧಿಕಾರಿ "ನಿನ್ನ ಒಳಿತಿಗಾಗಿ ದೇವರ ಸೇವಕ" ಎಂಬಲ್ಲೇ ಅವನಿಗೆ ಮಿತಿಯೂ ಇದೆ. ಜೊತೆಗೆ ಪ್ರಕಟನೆ 13ನ್ನೂ ಓದಿ, ಅಲ್ಲಿ ರಾಜ್ಯಾಧಿಕಾರ ಮೃಗವಾಗಿದೆ.

ಧರ್ಮೋಪದೇಶಕಾಂಡ 20ನ್ನು ತಪ್ಪಿಸಬೇಡಿ. ಮುತ್ತಿಗೆ ಹಾಕುವ ಮೊದಲು ಸಂಧಿಗೆ ಕರೆಯಬೇಕು, ಹಣ್ಣಿನ ಮರ ಕಡಿಯಬಾರದು ಎಂದಿದೆ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಕಾಯುವ ನಮ್ಮ ಕಡೆಯವರಿಗೆ ಈ ನಿಯಮ ಯಾಕೆಂದು ವಿವರಿಸಬೇಕಿಲ್ಲ. ಆದರೆ ಅದೇ ಅಧ್ಯಾಯದ 16–17ರಲ್ಲಿ ಕಾನಾನಿನ ಪಟ್ಟಣಗಳನ್ನು ಪೂರ್ತಿ ನಾಶ ಮಾಡುವ ಆಜ್ಞೆಯೂ ಇದೆ. ಅದನ್ನು ಮುಚ್ಚಿಟ್ಟರೆ ಯಾರಾದರೂ ಫೋನಿನಲ್ಲಿ ಹುಡುಕಿ ತೋರಿಸುತ್ತಾರೆ. ನೀವೇ ಓದಿ, ಇದು ಯಾವ ದೇಶಕ್ಕೂ ಇವತ್ತಿನ ಪರವಾನಗಿ ಅಲ್ಲವೆಂದು ಸಭೆ ಯಾಕೆ ಹೇಳುತ್ತದೆ ಎಂದು ಚರ್ಚಿಸಿ.

ವಿದೇಶಾಂಗ ನೀತಿಗೆ ಯೆಶಾಯ 16:3–4. ಮೋವಾಬಿನ ಓಡಿಬಂದವರನ್ನು ಬಚ್ಚಿಡು, ಹಿಡಿದುಕೊಡಬೇಡ ಅನ್ನುವ ಮಾತು. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಶಿವಾಜಿಯ ಮಗ ರಾಜಾರಾಮ ಔರಂಗಜೇಬನಿಂದ ತಪ್ಪಿಸಿಕೊಂಡು ಬಂದಾಗ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟು ದಾಟಿಸಿದಳು, ಅದಕ್ಕಾಗಿ ಮೊಘಲ್ ಸೈನ್ಯವನ್ನು ಎದುರಿಸಿದಳು. ನಿರಾಶ್ರಿತರ ವಿಷಯ ಬಂದಾಗ ಈ ಎರಡನ್ನೂ ಒಟ್ಟಿಗೆ ಇಡಿ.

ತುಂಗಾತೀರ:

ತುಂಬಾ ಉಪಕಾರ. ಸೇನೆಗೆ ಹೋಗುವ ಇಬ್ಬರಿಗೆ ನೇರವಾಗಿ ಏನು ಹೇಳಲಿ? ಪ್ರಾರ್ಥನೆಯ ಮಾತುಗಳೂ ಬೇಕಿತ್ತು.

ಇಕ್ಕೇರಿ:

ಅವರಿಗೆ ಲೂಕ 3:14. ಸೈನಿಕರು ಬಂದು ಕೇಳಿದಾಗ ಸ್ನಾನಿಕ ಯೋಹಾನ ಸೈನ್ಯ ಬಿಡಿ ಅನ್ನಲಿಲ್ಲ. ಯಾರನ್ನೂ ಬೆದರಿಸಿ ಹಣ ಕೀಳಬೇಡಿ, ಸುಳ್ಳು ಅಪವಾದ ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಕಥೆಯೂ ಇರಲಿ, ಆದರೆ ಪೇತ್ರ ಅವನ ಕೆಲಸದ ಬಗ್ಗೆ ಏನೂ ಹೇಳಿದ್ದು ಅಲ್ಲಿಲ್ಲ, ಆ ಮೌನದಿಂದ ಜಾಸ್ತಿ ಎಳೆಯಬೇಡಿ. ನಮ್ಮಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ, ಹಾಗಾಗಿ ಸೇರುವುದು ಅವರದೇ ನಿರ್ಧಾರ. ಸೇರುವ ಮೊದಲೇ ಮನಸ್ಸಾಕ್ಷಿಯ ಗೆರೆ ಎಲ್ಲಿದೆಯೆಂದು ಯೋಚಿಸಬೇಕು, ಗುಂಡು ಹಾರುವಾಗ ಯೋಚಿಸಲು ಪುರುಸೊತ್ತು ಇರುವುದಿಲ್ಲ. 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಅವಿಧೇಯತೆಗೆ ಶಿಕ್ಷೆ ಹೇಳುವಾಗ "ಕಾನೂನುಬದ್ಧ ಆದೇಶ" ಎಂದೇ ಹೇಳುತ್ತದೆ. ಜಿನೀವಾ ಒಪ್ಪಂದಗಳಿಗೆ 1960ರಿಂದ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇದೆ. ಸೆರೆಯಾಳನ್ನು ಹೊಡೆಯಲು ಒಲ್ಲೆ ಅನ್ನುವವನು ದೇಶದ ಕಾನೂನಿನ ಜೊತೆಗೇ ನಿಂತಿರುತ್ತಾನೆ.

ಮಂಡಗದ್ದೆ:

ಪ್ರಾರ್ಥನೆಗೆ ಆಧಾರ 1 ತಿಮೊಥೆಯ 2:1–2. ಆರು ಬಿನ್ನಹ ಸಾಕು, ಒಂದೊಂದೂ ಎರಡು ವಾಕ್ಯ ಮೀರದಿರಲಿ. ಎರಡೂ ಕಡೆ ಸತ್ತವರು ಮತ್ತು ಮನೆ ಬಿಟ್ಟವರು, ನಮ್ಮ ಸೈನಿಕರು, ಎದುರಾಳಿ ಸೈನಿಕರು, ಸೆರೆಯಲ್ಲಿರುವವರು, ನಿರ್ಧಾರ ಕೈಗೊಳ್ಳುವವರು, ಕೊನೆಗೆ ದ್ವೇಷ ತುಂಬಿಕೊಂಡ ನಮ್ಮ ಹೃದಯ. ಸಾಮಾನ್ಯವಾಗಿ ಬಿಟ್ಟುಹೋಗುವುದು ಮೂರನೆಯದು. ಅದನ್ನು ಓದುವವರಿಗೆ ಹಿಂದಿನ ದಿನವೇ ಕೊಟ್ಟು, ಯಾಕೆ ಬೇಕೆಂದು ಮತ್ತಾಯ 5:44 ತೋರಿಸಿ, ಇಲ್ಲದಿದ್ದರೆ ಓದುವಾಗ ಹಾರಿಸಿಬಿಡುತ್ತಾರೆ.

"ನಮಗೆ ಜಯ ಕೊಡು" ಅನ್ನುವ ಬದಲು "ಅನ್ಯಾಯ ಬೇಗ ನಿಲ್ಲಲಿ" ಅನ್ನಿ. ಯೆಹೋಶುವ 5ರಲ್ಲಿ ಕತ್ತಿ ಹಿರಿದು ನಿಂತ ದೇವರ ಸೈನ್ಯದ ಅಧಿಪತಿಯನ್ನು ಯೆಹೋಶುವ "ನೀನು ನಮ್ಮವನೋ, ವೈರಿಯವನೋ" ಎಂದು ಕೇಳಿದಾಗ ಬಂದ ಉತ್ತರ "ಅಲ್ಲ" ಎಂದು. ಯಾರಾದರೂ ಆಕ್ಷೇಪಿಸಿದರೆ ಬಿಷಪ್ ಜಾರ್ಜ್ ಬೆಲ್ ವಿಷಯ ಹೇಳಿ: 1944ರ ಫೆಬ್ರವರಿಯಲ್ಲಿ, ಹಿಟ್ಲರನ ವಿರುದ್ಧ ಯುದ್ಧ ನಡೆಯುತ್ತಿರುವಾಗಲೇ, ಜರ್ಮನ್ ನಗರಗಳ ಮೇಲೆ ತಮ್ಮದೇ ದೇಶ ಹಾಕುತ್ತಿದ್ದ ಬಾಂಬುಗಳನ್ನು ಅವರು ಬ್ರಿಟನ್ನಿನ ಮೇಲ್ಮನೆಯಲ್ಲಿ ಪ್ರಶ್ನಿಸಿದರು. ನಾಜಿಗಳನ್ನು ಅವರಷ್ಟು ಮೊದಲಿನಿಂದ ವಿರೋಧಿಸಿದ ಬಿಷಪರು ಇಂಗ್ಲೆಂಡಿನಲ್ಲಿ ಕಡಿಮೆ. ಹಾಗಾಗಿ ಅವರನ್ನು ದೇಶದ್ರೋಹಿ ಎಂದು ತಳ್ಳಿಹಾಕುವುದು ಸುಲಭವಾಗಿರಲಿಲ್ಲ. ನಾಲ್ಕನೇ ವಾರದ ಚರ್ಚೆಗೆ ಇವರೊಬ್ಬರೇ ಸಾಕು.