ಖನಿಜ ಇಟ್ಟಿಗೆ ಇಟ್ಟರೂ ಚಿಗರಿ ಬರ್ತಿಲ್ಲ, ಕಾರ್ಡ್ ತುಂಬ ಖಾಲಿ ಫೋಟೊ

ಎರೆಹೊಲ_ಕುಕನೂರು:
ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಕುಕನೂರು ಕಡೆ, ಪೂರ್ತಿ ಎರೆ ಭೂಮಿ. ಹಿಂಗಾರಿಯಲ್ಲಿ ಚಿಗರಿ (ಕೃಷ್ಣಮೃಗ) ಹಿಂಡು ತಪ್ಪದೆ ಬರುತ್ತದೆ. ಕಡಲೆ ತಿಂದು ಹೋದಾಗ ಬೈಯುತ್ತೇವೆ, ಆದರೂ ಕರಿ ಗಂಡು ಬದುವಿನ ಮೇಲೆ ಬಂದು ನಿಂತರೆ ಕೆಲಸ ಬಿಟ್ಟು ನೋಡುತ್ತೇವೆ. ಎಷ್ಟಿವೆ, ಮರಿ ಎಷ್ಟು, ಯಾವ ಹೊತ್ತಿಗೆ ಓಡಾಡುತ್ತವೆ ಅಂತ ತಿಳಿಯೋಣ ಅಂದುಕೊಂಡು ಪ್ರಾಣಿ ಹಾದರೆ ತಾನೇ ಫೋಟೊ ತೆಗೆಯುವ ಒಂದು ಟ್ರೇಲ್ ಕ್ಯಾಮೆರಾ ತರಿಸಿದೆ. ಅಮೆರಿಕದವರ ವಿಡಿಯೊಗಳಲ್ಲಿ ತೋರಿಸುವ ಹಾಗೆ, ದನಗಳು ನೆಕ್ಕುವ ಖನಿಜ ಇಟ್ಟಿಗೆ ತಂದು ಬೇವಿನ ಬುಡಕ್ಕೆ ಇಟ್ಟೆ. ಎದುರಿನ ಜಾಲಿ ಗಿಡಕ್ಕೆ ಎದೆಮಟ್ಟದಲ್ಲಿ ಕ್ಯಾಮೆರಾ ಕಟ್ಟಿದೆ. ಮುಖ ಪಶ್ಚಿಮಕ್ಕಿದೆ.

ಕಾರ್ಡ್ ತೆಗೆದು ನೋಡಿದರೆ ಬಹುಪಾಲು ಖಾಲಿ ಹೊಲ. ಉಳಿದದ್ದರಲ್ಲಿ ಕುರಿ, ಇಟ್ಟಿಗೆ ಪಕ್ಕದಲ್ಲೇ ಮಲಗಿರುವ ನಾಯಿ. ರಾತ್ರಿ ಫೋಟೊ ಕಪ್ಪು, ಇಲ್ಲಾಂದರೆ ಮುಂದಿನ ಒಂದು ರೆಂಬೆ ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಏನೂ ಕಾಣಿಸಲ್ಲ. ಚಿಗರಿ ಮಾತ್ರ ಒಂದೂ ಇಲ್ಲ. ಬದುವಿನ ಆಚೆ ದಿನಾ ಹೊಸ ಹೆಜ್ಜೆ ಬೀಳುತ್ತಿವೆ! ದೋಷ ಇಟ್ಟಿಗೆಯದಾ, ಕ್ಯಾಮೆರಾದ್ದಾ?

ತೋರಣಗಲ್ಲು_ನೋಟ:
ಯಾವ ಸೆಲ್ಲು, ಯಾವ ಕಾರ್ಡು? ಖಾಲಿ ಫೋಟೊ ಯಾವ ಹೊತ್ತಿನವು?

ಎರೆಹೊಲ_ಕುಕನೂರು:
ರೀಚಾರ್ಜ್ ಸೆಲ್ಲು. ಕಾರ್ಡು 64 ಜಿಬಿ. ಒಂದೊಂದು ಸಲ ಕಾರ್ಡ್ ಎರರ್ ಅನ್ನುತ್ತದೆ. ಖಾಲಿ ಫೋಟೊ ಹೆಚ್ಚಾಗಿ ಮಧ್ಯಾಹ್ನ ಮತ್ತು ಸಂಜೆಯವು.

ಸವಳುನೆಲ_ಸಿಂಧನೂರು:
ಅಣ್ಣಾ, ಕ್ಯಾಮೆರಾ ಮಾತು ಆಮೇಲೆ. ಮೊದಲು ಆ ಇಟ್ಟಿಗೆ ತೆಗೆದುಬಿಡಿ.

ಕಾನೂನಿನ ಮಾತು ಮೊದಲು ಹೇಳುತ್ತೇನೆ, ಯಾಕಂದ್ರೆ ಇದು ಬಹಳ ಜನರಿಗೆ ಗೊತ್ತಿಲ್ಲ. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಬರೀ ಕೊಲ್ಲುವುದಲ್ಲ. ಆಮಿಷ ಇಟ್ಟು ಕರೆಯುವುದೂ ಬೇಟೆಯ ವ್ಯಾಖ್ಯಾನದೊಳಗೇ ಬರುತ್ತದೆ. ಪಟ್ಟಾ ಜಮೀನು ಅಂತ ವಿನಾಯಿತಿ ಇಲ್ಲ. ಈ ಅನುಸೂಚಿಯ ಪ್ರಾಣಿಯ ಬೇಟೆಗೆ ಶಿಕ್ಷೆ 3ರಿಂದ 7 ವರ್ಷ. ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಆ ಹೊಲದ ಹತ್ತಿರ ನಾಳೆ ಯಾರೋ ಉರುಳು ಹಾಕಿ ಒಂದು ಚಿಗರಿ ಸತ್ತರೆ, ನಿಮ್ಮ ಇಟ್ಟಿಗೆಗೆ ಏನು ಉತ್ತರ ಕೊಡುತ್ತೀರಿ?

ಇನ್ನು ಆ ವಿಡಿಯೊಗಳ ವಿಷಯ. ಅಲ್ಲಿಯವರು ನೋಡುವುದು ಬಿಳಿಬಾಲದ ಜಿಂಕೆ. ಅದರ ಕೊಂಬು ವರ್ಷವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ, ಅದಕ್ಕೇ ಅವರು ಸುಣ್ಣ, ರಂಜಕ ಅಂತ ಅಷ್ಟು ಮಾತಾಡುತ್ತಾರೆ. ನಮ್ಮ ಚಿಗರಿ ಜಿಂಕೆ ಜಾತಿಯೇ ಅಲ್ಲ. ಕೊಂಬು ಗಂಡಿಗೆ ಮಾತ್ರ, ಒಮ್ಮೆ ಬಂದರೆ ಉದುರುವುದಿಲ್ಲ. ಅಲ್ಲಿನ ಲೆಕ್ಕ ಇಲ್ಲಿ ನಡೆಯಲ್ಲ.

ಉಪ್ಪಿನ ಹಸಿವು ಜಾಸ್ತಿಯಾಗುವುದು ಮಳೆ ಬಿದ್ದು ಎಳೆ ಹುಲ್ಲು ಬಂದಾಗ. ಎಳೆ ಹುಲ್ಲಿನಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ (ಉಪ್ಪಿನ ಅಂಶ) ಕಡಿಮೆ. ಈಗ ಕಡಲೆ ಕಿತ್ತಾಗಿದೆ, ಹೊಲ ಒಣಗಿ ಬಾಯಿ ಬಿಟ್ಟಿದೆ. ಅವು ಹುಡುಕುವುದು ನೀರನ್ನು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಕಡೆಯಂತೂ ಕೇಳಲೇಬೇಡಿ, ಸವಳು ನೆಲದ ಮೇಲೆ ಉಪ್ಪು ಬೆಳ್ಳಗೆ ಕೂತಿರುತ್ತದೆ, ಪುಕ್ಕಟೆ. ಹತ್ತಿರ ನೀರಿಲ್ಲದ ಕಡೆ ಉಪ್ಪು ನೆಕ್ಕಿಸಿದರೆ ದಾಹ ಹೆಚ್ಚುತ್ತದೆ ಅಷ್ಟೇ. ನೀರಿಗೆ ಅಂತ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಇಳಿದರೆ ಮೇಲೆ ಬರಲು ಕಾಲು ಹಿಡಿಯುವುದಿಲ್ಲ.

ಕುರಿ ವಿಷಯವನ್ನೂ ಹಗುರ ಮಾಡಬೇಡಿ. ದನಕ್ಕೆ ಮಾಡಿದ ಖನಿಜ ಮಿಶ್ರಣದಲ್ಲಿ ತಾಮ್ರ ಇರುತ್ತದೆ, ಕುರಿಗೆ ತಾಮ್ರ ಜಾಸ್ತಿಯಾದರೆ ವಿಷ. ಕೆಲವು ಇಟ್ಟಿಗೆಗಳಿಗೆ ಯೂರಿಯಾ, ಕಾಕಂಬಿ ಕೂಡ ಹಾಕುತ್ತಾರೆ. ಹೊಲದಲ್ಲಿ ಕುರಿ ತರುಬಿದವನ ಮಂದೆಗೆ ಏನಾದರೂ ಆದರೆ ಜಗಳ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಜೊತೆಗೆ ಕಾಲುಬಾಯಿ ಜ್ವರ ಜೊಲ್ಲಿನಿಂದಲೂ ಹರಡುವ ರೋಗ. ಎಲ್ಲ ಪ್ರಾಣಿಯೂ ಒಂದೇ ಇಟ್ಟಿಗೆ ನೆಕ್ಕಿದರೆ ಇನ್ನೇನು ಬೇಕು?

ಹಂಪಿ_ಸೈಕಲ್:
ಸರ್, ದರೋಜಿಯಲ್ಲಿ ಕರಡಿಗೆ ಬಂಡೆ ಮೇಲೆ ಬೆಲ್ಲ ಸವರುತ್ತಾರಲ್ವಾ? ಅದು ಸರಿ, ಇದು ತಪ್ಪಾ?

ಸವಳುನೆಲ_ಸಿಂಧನೂರು:
ಅದು 1994ರಲ್ಲಿ ಘೋಷಣೆಯಾದ ಕರಡಿ ಧಾಮ, ಮಾಡುವುದು ಅರಣ್ಯ ಇಲಾಖೆ. ನಾವೂ ನೀವೂ ಬೆಲ್ಲ ಹಿಡಿದು ಗುಡ್ಡ ಹತ್ತುವ ಹಾಗಿಲ್ಲ. ಕಾಡಿನೊಳಗೆ ಕ್ಯಾಮೆರಾ ಕಟ್ಟುವುದಕ್ಕೂ ಇಲಾಖೆಯ ಅನುಮತಿ ಬೇಕು. ಸ್ವಂತ ಹೊಲದಲ್ಲಿ ಕಟ್ಟಿ, ಪಕ್ಕದವರಿಗೂ ಕುರಿಗಾರರಿಗೂ ಒಂದು ಮಾತು ಹೇಳಿಡಿ. ಇಲ್ಲದಿದ್ದರೆ ಇದೇನೋ ಬಾಂಬು ಅಂತ ಕಿತ್ತು ಎಸೆದಾರು.

ತೋರಣಗಲ್ಲು_ನೋಟ:
ಈಗ ಕ್ಯಾಮೆರಾ. ಅದರ ಸೆನ್ಸರ್ ಪ್ರಾಣಿಯನ್ನು ನೋಡುವುದಿಲ್ಲ. ಹಿನ್ನೆಲೆಗಿಂತ ಬಿಸಿ ಬೇರೆಯಾಗಿರುವ ಏನಾದರೂ ಅಲುಗಾಡಿದರೆ ಫೋಟೊ ತೆಗೆಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ, ಎರೆ ಮಣ್ಣು ಅದಕ್ಕಿಂತ ಜಾಸ್ತಿ ಕಾಯುತ್ತದೆ. ಆ ಹೊತ್ತಿಗೆ ಚಿಗರಿಯ ಮೈ ಬಿಸಿಗೂ ಹಿನ್ನೆಲೆಗೂ ವ್ಯತ್ಯಾಸ ಅಷ್ಟಾಗಿ ಇಲ್ಲದೆ ಹೋಗಬಹುದು. ಹಿಂಡು ಎದುರೇ ಹೋದರೂ ಕ್ಯಾಮೆರಾ ಸುಮ್ನೆ ಕೂತಿರಬಹುದು. ಅದೇ ಬಿಸಿಲಿಗೆ ಕಾದ ರೆಂಬೆ ಗಾಳಿಗೆ ಆಡಿದರೆ ಪಟಪಟ ಅಂತ ತೆಗೆಯುತ್ತದೆ. ನಿಮ್ಮ ಖಾಲಿ ಫೋಟೊ ಬಂದದ್ದು ಹೀಗೆ.

ಮುಖ ಉತ್ತರಕ್ಕೆ ತಿರುಗಿಸಿ. ಪಶ್ಚಿಮಕ್ಕಿದ್ದರೆ ಸಂಜೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಎದುರಿನ ಬಳ್ಳಾರಿ ಜಾಲಿ ರೆಂಬೆ, ಕರಿಕೆ ಎಲ್ಲ ಸವರಿ. ರಾತ್ರಿ ಬೆಳ್ಳಗೆ ಹೊಳೆಯುತ್ತಿರುವುದೂ ಅದೇ ರೆಂಬೆ, ಇನ್‌ಫ್ರಾರೆಡ್ ಬೆಳಕೆಲ್ಲ ಅದಕ್ಕೇ ಬಡಿದು ವಾಪಸ್ ಬರುತ್ತಿದೆ. ಎತ್ತರ ಇಳಿಸಿ. ಚಿಗರಿಯ ಭುಜವೇ ಸುಮಾರು 80 ಸೆಂ.ಮೀ, ಕ್ಯಾಮೆರಾ ಅದಕ್ಕಿಂತ ಸ್ವಲ್ಪ ಕೆಳಗಿರಲಿ. ದಾರಿಗೆ ಅಡ್ಡ ನೋಡುವಂತೆ ಕಟ್ಟಿ. ನೇರ ಎದುರು ಬರುವುದಕ್ಕಿಂತ ಎಡದಿಂದ ಬಲಕ್ಕೆ ಹಾಯುವುದನ್ನು ಸೆನ್ಸರ್ ಚೆನ್ನಾಗಿ ಹಿಡಿಯುತ್ತದೆ.

ಪೂರ್ತಿ ಕಪ್ಪು ಫೋಟೊಗೆ ಕಾರಣ ಸೆಲ್ಲು ಇರಬೇಕು. ರೀಚಾರ್ಜ್ ಸೆಲ್ಲು 1.2 ವೋಲ್ಟ್, ಸಾಮಾನ್ಯದ್ದು 1.5. ರಾತ್ರಿ ಲೈಟಿಗೆ ಕರೆಂಟ್ ಜಾಸ್ತಿ ಬೇಕು, ಅಲ್ಲಿ ಸೋಲುತ್ತದೆ. ಲೀಥಿಯಂ ಸೆಲ್ಲು ದುಬಾರಿ, ಆದರೆ ಬಿಸಿಲು ತಡೆಯುತ್ತದೆ. ಕಾರ್ಡ್ 32 ಜಿಬಿದು ಹಾಕಿ, ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. 64ರದ್ದನ್ನು ಹಳೇ ಮಾಡೆಲ್‌ಗಳು ಓದುವುದಿಲ್ಲ.

ಜಾಗ ಯಾವುದು ಅಂದರೆ, ಹಿಕ್ಕೆ ಗುಡ್ಡೆ ಹುಡುಕಿ. ಕರಿ ಗಂಡು ತನ್ನ ಸರಹದ್ದು ತೋರಿಸಲು ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಅಡಿಯಲ್ಲಿ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ದು, ಮೇಲೆ ಇನ್ನೂ ಕಪ್ಪಗೆ ಮಿರುಗುವ ಹಸಿ ಹಿಕ್ಕೆ ಇದ್ದರೆ ಆ ಜಾಗ ನಡೆಯುತ್ತಿದೆ ಅಂತ ಅರ್ಥ. ಏನೂ ಇಡದೆ ತಾನೇ ಬರುವ ಜಾಗ ಅದು.

ಎರೆಹೊಲ_ಕುಕನೂರು:
ಇಟ್ಟಿಗೆ ತೆಗೆದು ನಮ್ಮ ಎತ್ತಿನ ಗ್ವಾದಲಿಗೆ ಹಾಕಿದೆ. ಹಳ್ಳದ ಕಡೆ ಬದುವಿನ ಕೊನೆಗೆ ಹಿಕ್ಕೆ ಗುಡ್ಡೆ ಸಿಕ್ಕಿತು, ಅಲ್ಲೇ ಒಂದು ಗೂಟ ಹುಗಿದು ಉತ್ತರಕ್ಕೆ ಮುಖ ಮಾಡಿ ಕಟ್ಟಿದೆ. ಬೆಳಗಿನ ಜಾವದ ಫೋಟೊ ಬಂದಿದೆ! ಕರಿ ಗಂಡು ಮೂತಿ ಕೆಳಗಿಟ್ಟು ಮೂಸುತ್ತಿದೆ, ಹಿಂದೆ ಹೆಣ್ಣುಗಳು, ಒಂದು ಮರಿ. ರಾತ್ರಿ ಫೋಟೊ ಸೆಲ್ಲು ಬದಲಿಸಿದ ಮೇಲೆ ಸರಿಹೋಯಿತು. ಮಧ್ಯಾಹ್ನ ಮಾತ್ರ ಇನ್ನೂ ಖಾಲಿ ಬರುತ್ತಿವೆ. ಇನ್ನೊಂದು, ಫೋಟೊ ಮೇಲೆ ತಾರೀಕು 2019 ಅಂತ ಬೀಳುತ್ತಿದೆ.

ತೋರಣಗಲ್ಲು_ನೋಟ:
ಮಧ್ಯಾಹ್ನದ್ದು ಬಿಟ್ಟುಬಿಡಿ. ಟೈಮರ್ ಇದ್ದರೆ ಹನ್ನೊಂದರಿಂದ ನಾಲ್ಕರವರೆಗೆ ಬಂದ್ ಮಾಡಿ, ಸೆಲ್ಲೂ ಉಳಿಯುತ್ತದೆ. ತಾರೀಕು ಮಾತ್ರ ಇವತ್ತೇ ಸರಿಮಾಡಿ. ಸೆಲ್ಲು ತೆಗೆದಾಗೆಲ್ಲ ಅದು ಹಿಂದಕ್ಕೆ ಹೋಗುತ್ತಿರಬಹುದು, ಪ್ರತಿ ಸಲ ನೋಡಿಕೊಳ್ಳಿ. ಮುಂದಿನ ಹಿಂಗಾರಿಯಲ್ಲಿ ಕಡಲೆ ಹಾನಿಗೆ ಪರಿಹಾರ ಕೇಳಿ ಅರ್ಜಿ ಕೊಡುವುದಾದರೆ, 2019ರ ಫೋಟೊ ತೋರಿಸಿದರೆ ಯಾರು ಒಪ್ಪುತ್ತಾರೆ?