ಸಮಸ್ಯೆ: ಕಾಗೆ ಕುಲದಲಿ ಹುಟ್ಟಿ ಕೊಳಲಿನ ದನಿಯ ತೆಗೆದಿತ್ತು

ಪದ್ಯಪ್ರಿಯ: ಈ ವಾರದ ಸಮಸ್ಯಾಪೂರಣದ ಸಾಲು ಮೇಲಿದೆ, ಒಗಟಿನಂಥ ಈ ಸಾಲಿಗೆ ಅರ್ಥ ಕೂಡೋ ಹಾಗೆ ಪದ್ಯ ಕಟ್ಬೇಕು. ಭಾಮಿನಿ ಷಟ್ಪದಿ (ಆರು ಸಾಲಿನ ಛಂದಸ್ಸು), ಇದು ಕೊನೇ ಸಾಲಾಗಿ ಬರ್ಬೇಕು, ಆದಿಪ್ರಾಸ ಗಕಾರ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ ಗ. ಒಂದೇ ಕಂಡೀಶನ್, ಕೋಗಿಲೆ ತರೋ ಹಾಗಿಲ್ಲ. ಕೋಗಿಲೆ ಕಾಗೆ ಗೂಡಲ್ಲಿ ಬೆಳೆಯುತ್ತೆ ಅಷ್ಟೆ, ಕುಲ ಬೇರೆ.

ಗಣಭಂಗ: ಕೋಗಿಲೆ ಬಿಟ್ರೆ ಇನ್ಯಾರು ಮೇಷ್ಟ್ರೇ?? ಕೀಲಕನೇ (ಪರಿಹಾರದ ಕೀಲಿ) ಕಿತ್ಕೊಂಡ್ರಲ್ಲ 😄

ತೋಟದಮನೆ: ಮಟಪಕ್ಷಿ ಇದೆಯಲ್ಲಾ! ಅಪ್ಪಟ ಕಾಗೆ ಕುಟುಂಬದ್ದು, ಕಂದು ಮೈ, ಕಪ್ಪು ತಲೆ, ಕೊಕ್ಕಿಂದ ಬಾಲದ ತುದಿವರೆಗೆ 46-50 ಸೆಂ.ಮೀ. ಇರುತ್ತೆ, ಉದ್ದನೆಯ ಬಾಲವೂ ಸೇರಿ. ನಮ್ಮ ತೋಟಕ್ಕೆ ದಿನಾ ಬರುತ್ತೆ. ತಗೊಳ್ಳಿ ಪೂರಣ:

ತೂಗಿ ತೆಂಗಿನ ಗರಿಯ ತುದಿಯಲಿ
ಬಾಗಿ ತೊಗಟೆಯ ಹುಳುವನಾಯುತ
ಕೂಗಿ ಕರ್ಕಶವಾಗಿ ಬೈಯುತ ನೆರೆಯ ಕಾಗೆಯನು
ರಾಗ ಬದಲಿಸಿ ಮರುಗಳಿಗೆಯಲಿ
ಸಾಗಿ ಬರುತಿಹ ಜೊತೆಯ ಕಾಣುತ
ಕಾಗೆ ಕುಲದಲಿ ಹುಟ್ಟಿ ಕೊಳಲಿನ ದನಿಯ ತೆಗೆದಿತ್ತು

ಪದ್ಯಪ್ರಿಯ: ಆಹಾ, ನಾಲ್ಕನೇ ಸಾಲಲ್ಲೇ ಸಮಸ್ಯೆ ಬಿಚ್ಚಿಕೊಳ್ತು. ಅದು ನಿಜವಾಗ್ಲೂ ಹಂಗೇ, ಗಂಟಲು ಕೆರೆದಂಗೆ ಕಿರುಚ್ತಾ ಇರುತ್ತೆ, ಇದ್ದಕ್ಕಿದ್ದಂತೆ ಇಂಪಾಗಿ ಮೂರು ಸ್ವರ ಬಿಡುತ್ತೆ. ಆ ಮೂರು ಸ್ವರ "ಕೋ-ಕಿ-ಲಾ" ಅಂತ ಕೇಳ್ಸುತ್ತೆ ಅನ್ನೋದೇ ತಮಾಷೆ, ನಾನು ಬ್ಯಾನ್ ಮಾಡಿದ್ದು ಹಿಂಬಾಗಿಲಿಂದ ಬಂತು.

ಗಣಭಂಗ: ಅಕ್ಕ ತೀರಾ ಒಳ್ಳೆಯವನನ್ನಾಗಿ ಮಾಡಿಬಿಟ್ರಿ ಅವನನ್ನ, ಅವನು ಗೂಡುಗಳ್ಳ ಕಣ್ರೀ, ಬೇರೆ ಹಕ್ಕಿ ಮೊಟ್ಟೆ ಮರಿ ಯಾವ್ದೂ ಬಿಡಲ್ಲ, ಹಣ್ಣು ಹಲ್ಲಿ ಹುಳ ಎಲ್ಲಾ ಆಗುತ್ತೆ. ನಂದು ನೋಡಿ:

ಬೇಗ ಗೂಡಿಗೆ ನುಗ್ಗಿ ಗುಟ್ಟಲಿ
ನೀಗಿ ಹಸಿವನು ಕದ್ದ ಮೊಟ್ಟೆಲಿ
ಯಾಗ ಮುಗಿಸಿದ ಭಟ್ಟರಂದದಿ ಕೊಕ್ಕನೊರೆಸಿತ್ತು
ಈಗ ನೋಡಿರಿ ಕೊಂಬೆಯೇರುತ
ಯೋಗಿಯಂತೆಯೆ ಕಣ್ಣ ಮುಚ್ಚುತ
ಕಾಗೆ ಕುಲದಲಿ ಹುಟ್ಟಿ ಕೊಳಲಿನ ದನಿಯ ತೆಗೆದಿತ್ತು

ತೋಟದಮನೆ: 😂😂 ಭಟ್ಟರು ಸಕತ್! ಆದ್ರೆ "ಮೊಟ್ಟೆಲಿ" ಪದ್ಯಕ್ಕೆ ಸಲ್ಲಲ್ಲ, "ಕದ್ದ ಮರಿಯಲಿ" ಅಂದ್ರೆ ಮಾತ್ರೆನೂ (ಉಚ್ಚಾರದ ಅಳತೆ) ಕೆಡಲ್ಲ ಪಾಪನೂ ಹೆಚ್ಚುತ್ತೆ.

ಘಟ್ಟದ ಹುಡುಗ: ನಾನು ಹೊಸಬ, ಬೈಬೇಡಿ. ನಮ್ ಕಡೆ ದಟ್ಟ ಕಾಡಲ್ಲಿ ಬಿಳಿ ಹೊಟ್ಟೆ ಬಿಳಿ ಕತ್ತಿನ ಇನ್ನೊಂದು ಮಟಪಕ್ಷಿ ಇದೆ, ಅದು ಹೆಚ್ಚಾಗಿ ಭೀಮರಾಜ ಹಕ್ಕಿ ಜೊತೆ ಗುಂಪಲ್ಲಿ ತಿರುಗ್ತಿರುತ್ತೆ. "ಭೀಮರಾಜನ ಸಂಗ ಸುತ್ತುತ" ಅಂತ ಶುರು ಮಾಡ್ದೆ, ಮುಂದೆ ಹೋಗ್ತಿಲ್ಲ.

ಪದ್ಯಪ್ರಿಯ: ಮಾತ್ರೆ ಕರೆಕ್ಟಾಗಿದೆ ತಮ್ಮಾ, ಪ್ರಾಸ ಮಾತ್ರ ಮಕಾರಕ್ಕೆ ಜಾರಿದೆ. ಹೀಗೆ ಮಾಡು:

ಸಾಗಿ ಘಟ್ಟದಿ ಭೀಮರಾಜನ
ರಾಗ ಕೇಳುತ ಸಂಗ ಸುತ್ತುತ

ಭೀಮರಾಜ ಮಿಮಿಕ್ರಿಯಲ್ಲಿ ಎತ್ತಿದ ಕೈ, ಅವನ ಹತ್ರ ಪಾಠ ಆಯ್ತು ಅಂತ ಪರಿಹಾರ ತರಬಹುದು. ಮೂರನೇ ಸಾಲಿಂದ ನಿಂದೇ ಕೆಲಸ.

ಗಣಭಂಗ: ಮಟಪಕ್ಷಿ ಕಡವೆ ಮೈಮೇಲಿನ ಉಣ್ಣಿ ಹೆಕ್ಕೋದನ್ನ ಯಾರೂ ಮುಟ್ಟಿಲ್ಲ, ಅದು ನಂಗೆ ರಿಸರ್ವ್.